ಸಾಣೆ ಹಿಡಿಸಿದ ಬ್ಲೇಡು ನಾಲ್ಕೇ ದಿನಕ್ಕೆ ಮೊಂಡಾಯಿತು

ಪ್ರಶ್ನೆ: ಅಣ್ಣಾವ್ರಿಗೆ ನಮಸ್ಕಾರ. ನಮ್ಮದು ಖಾರ ಮಂಡಕ್ಕಿ, ಮಿರ್ಚಿ ಅಂಗಡಿ. ದಿನಾ 20 ಕೆ.ಜಿ. ಈರುಳ್ಳಿ ಹೆಚ್ಚಲು ದೊಡ್ಡ ಫುಡ್ ಪ್ರೊಸೆಸರ್ ಇಟ್ಟಿದ್ದೇವೆ. ಬ್ಲೇಡು ಮೊಂಡಾಯಿತೆಂದು ಬೀದಿಗೆ ಬಂದ ಸಾಣೆಯವರಿಗೆ ಕೊಟ್ಟೆ. ಕಿಡಿ ಹಾರಿಸಿ ಫಳಫಳ ಮಾಡಿಕೊಟ್ಟರು. ನಾಲ್ಕು ದಿನಕ್ಕೆ ಮತ್ತೆ ಮೊಂಡು. ಅಂಚು ನೀಲಿಯಾಗಿದೆ, ಮಷಿನ್ ಗಡಗಡ ಅಲುಗುತ್ತದೆ. ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತವಾಗುತ್ತದಂತೆ, ಹೌದಾ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ತಂಗೀ, ಕಾಯಿಲೆ ಏನೆಂದು ಆ ನೀಲಿ ಬಣ್ಣವೇ ಹೇಳುತ್ತಿದೆ. ಒಣ ಚಕ್ರಕ್ಕೆ ಒತ್ತಿ ಹಿಡಿದಾಗ ತೆಳ್ಳನೆ ಅಂಚು ವಿಪರೀತ ಕಾದು ಉಕ್ಕಿನ ಹದ, ಅಂದರೆ ಗಟ್ಟಿತನ, ಹೋಗಿದೆ. ಹದ ಹೋದ ಉಕ್ಕಿಗೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ಈ ತಪ್ಪು ನಾನೂ ಮಾಡಿದ್ದೇನೆ. ಹರಿಹರದಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಟೂಲುಗಳಿಗೆ ಸಾಣೆ ಹಿಡಿದು ಕೈ ಪಳಗಿಸಿಕೊಂಡವನು ನಾನು. ಆ ಟೂಲುಗಳ ಹೈಸ್ಪೀಡ್ ಉಕ್ಕು ಆ ಕಾವನ್ನೆಲ್ಲ ತಡೆದುಕೊಳ್ಳುತ್ತದೆ. ಅಡುಗೆಮನೆಯ ಸ್ಟೇನ್‌ಲೆಸ್ ಬ್ಲೇಡು ತಡೆಯುವುದಿಲ್ಲ. ಅದು ತಿಳಿಯುವಷ್ಟರಲ್ಲಿ ಒಬ್ಬ ಖಾನಾವಳಿ ತಾಯಿಯ ಬ್ಲೇಡು ಕೆಡಿಸಿದ್ದೆ, ಹೊಸದು ಕೊಡಿಸಿದೆ.

ನೀಲಿ ಕೂದಲೆಳೆಯಷ್ಟಿದ್ದರೆ ಉಜ್ಜಿ ತೆಗೆಯಬಹುದು. ಅಕ್ಕಿಕಾಳಿನಷ್ಟು ಅಗಲಕ್ಕೆ ಹಬ್ಬಿದ್ದರೆ ಹೊಸ ಬ್ಲೇಡು ತನ್ನಿ. ಅಲುಗಾಟಕ್ಕೆ ಕಾರಣ, ಒಂದು ರೆಕ್ಕೆ ಹೆಚ್ಚು ಸವೆದು ತೂಕ ತಪ್ಪಿರುವುದು. ಹಾಗೇ ಓಡಿಸಿದರೆ ಬೇರಿಂಗ್ ಹಾಳಾಗುತ್ತದೆ, ಆ ಖರ್ಚು ಬ್ಲೇಡಿಗಿಂತ ದೊಡ್ಡದು. ಇವತ್ತೇ ನಿಲ್ಲಿಸಿ.

ಉಪ್ಪಿನ ಮಾತು ನಂಬಬೇಡಿ. ಉಪ್ಪು ಉಕ್ಕಿಗಿಂತ ಎಷ್ಟೋ ಮೆದು, ಉಕ್ಕನ್ನು ಅದೇನು ಮಸೆದೀತು? ಅಂಟಿದ್ದ ಜಿಡ್ಡು ಹೋಗಿ ಹೊಳೆಯಬಹುದು, ಅಷ್ಟೇ. ತೊಳೆಯದೆ ಬಿಟ್ಟರೆ ಸ್ಟೇನ್‌ಲೆಸ್ಸಿಗೂ ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ.

ಹೊಸ ಬ್ಲೇಡನ್ನು ನೀವೇ ನೋಡಿಕೊಳ್ಳಿ. ಪ್ಲಗ್ ಕಿತ್ತು, ದಪ್ಪ ಗ್ಲೌಸ್ ಹಾಕಿಕೊಂಡು, ಬ್ಲೇಡು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಗರಗಸದ ಹಲ್ಲಿದ್ದರೆ ಚಪ್ಪಟೆ ಕಲ್ಲು ಮುಟ್ಟಿಸಲೇಬೇಡಿ, ಹಲ್ಲು ಬೋಳಾಗುತ್ತದೆ. ಬರೀ ಅಂಚಾದರೆ, ಸಾಮಾನ್ಯವಾಗಿ ಒಂದು ಮೈ ಇಳಿಜಾರು, ಇನ್ನೊಂದು ಮಟ್ಟಸ. ಉಜ್ಜಬೇಕಾದ್ದು ಇಳಿಜಾರನ್ನು ಮಾತ್ರ. ಅದರ ಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ಬಳಿಯಿರಿ. ಬ್ಲೇಡು ಬಾಗಿರುವುದರಿಂದ ಅದನ್ನು ಕಲ್ಲಿಗೆ ಒಯ್ಯುವುದಲ್ಲ, ಕೈಯಲ್ಲಿ ಹಿಡಿಯುವ ಸಣ್ಣ ಸಾಣೆಕಲ್ಲನ್ನು ನೀರಲ್ಲಿ ಅದ್ದಿ ಬ್ಲೇಡಿನ ಬಳಿಗೆ ತನ್ನಿ. ಎರಡು ಸಲ ಎಳೆದು ನೋಡಿ. ಮಸಿ ಅಂಚಿನ ತನಕ ಒಂದೇ ಸಮ ಅಳಿಸಿದ್ದರೆ ಓರೆ ಸರಿಯಿದೆ. ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಲ್ಲನ್ನು ಹೆಚ್ಚು ಎತ್ತಿ ಹಿಡಿದಿದ್ದೀರಿ. ಹಿಂದೆ ಮಾತ್ರ ಅಳಿಸಿದ್ದರೆ ಕಡಿಮೆ ಎತ್ತಿದ್ದೀರಿ.

ಎಣಿಸಿಕೊಂಡು ಎಳೆಯಿರಿ. ಈ ರೆಕ್ಕೆಗೆ 15 ಎಳೆತವಾದರೆ ಆ ರೆಕ್ಕೆಗೂ 15. ಮಟ್ಟಸ ಮೈಯಲ್ಲಿ ಉಗುರು ಸವರಿದರೆ ಸಣ್ಣ ಮುಳ್ಳಿನಂತೆ ತಡೆಯುತ್ತದೆ, ಅದೇ ಬರ್. ಕಲ್ಲನ್ನು ಆ ಮೈಗೆ ಪೂರ್ತಿ ಒರಗಿಸಿ ಒಂದೆರಡು ಸಲ ಹಗುರವಾಗಿ ಸವರಿದರೆ ಹೋಗುತ್ತದೆ. ಆಮೇಲೆ ಬಿಸಿನೀರು, ಸೋಪು ಹಾಕಿ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಕಲ್ಲಿನ ಪುಡಿ ಜನರ ಹೊಟ್ಟೆಗೆ ಹೋಗಬಾರದು. ಮೊದಲು ಹೆಚ್ಚಿದ ಒಂದು ಹಿಡಿ ಈರುಳ್ಳಿ ಚೆಲ್ಲಿಬಿಡಿ.

ಮೊಂಡು ಬ್ಲೇಡು ಈರುಳ್ಳಿಯನ್ನು ಹೆಚ್ಚುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಈರುಳ್ಳಿ ನೀರು ಬಿಡುತ್ತದೆ, ಘಾಟು ಏರುತ್ತದೆ. ಗಿರಾಕಿ ಕೈಗೆ ಹೋಗುವಷ್ಟರಲ್ಲಿ ಮಂಡಕ್ಕಿ ಮೆತ್ತಗಾಗಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ, ಹೆಚ್ಚಿದ ಈರುಳ್ಳಿಯನ್ನು ಸ್ಟೀಲ್ ತಟ್ಟೆಗೆ ಹಾಕಿ ಐದು ನಿಮಿಷ ಬಿಟ್ಟು ತಟ್ಟೆ ಓರೆ ಮಾಡಿ. ಮೂಲೆಯಲ್ಲಿ ನೀರು ನಿಂತರೆ ಕಲ್ಲು ಕೈಗೆತ್ತಿಕೊಳ್ಳಿ.