ಕೈತೋಟ ಪ್ರಶ್ನೋತ್ತರ: ಕಡಿಮೆ ಖರ್ಚಿನಲ್ಲಿ ಕಥೆ ಪುಸ್ತಕದ ತೋಟ

ಪ್ರಶ್ನೆ: ಮನೆಯ ಹಿಂದೆ 8 ಅಡಿ ಅಗಲ, 12 ಅಡಿ ಉದ್ದದ ಜಾಗವಿದೆ. ಕಥೆ ಪುಸ್ತಕದಲ್ಲಿ ಬರುವಂಥ ತೋಟ ಮಾಡಲು ಕುಳ್ಳರ ಗೊಂಬೆ, ಪುಟ್ಟ ಮನೆ, ಬಾತುಕೋಳಿ ಎಲ್ಲ ತಂದಿಟ್ಟೆ. ದುಡ್ಡು ಮುಗಿಯಿತು, ತೋಟ ಮಾತ್ರ ಗೊಂಬೆ ಅಂಗಡಿಯ ಕಪಾಟಿನಂತೆ ಕಾಣುತ್ತಿದೆ. ಈಗೇನು ಮಾಡಲಿ?

ಉತ್ತರ: ಮುಕ್ಕಾಲು ಪಾಲು ಗೊಂಬೆಗಳನ್ನು ಎತ್ತಿ ಒಳಗಿಡಿ. ನಿಮ್ಮ ತೊಂದರೆ ದುಡ್ಡಿನದಲ್ಲ, ಅಳತೆಯದು. ಬಾತುಕೋಳಿ ಮನೆಗಿಂತ ದೊಡ್ಡದಾದರೆ ಕಣ್ಣು ಒಪ್ಪುವುದಿಲ್ಲ. ನಿಜದ ಒಂದು ಅಡಿಗೆ ಇಲ್ಲಿ ಒಂದು ಇಂಚು ಎಂದು ಲೆಕ್ಕ ಇಟ್ಟುಕೊಳ್ಳಿ: ಬಾಗಿಲು ಆರೂವರೆ ಇಂಚು, ಬೇಲಿ ಮೂರು ಇಂಚು, ಕುಳ್ಳ ನಾಲ್ಕು ಇಂಚು. ಈ ಲೆಕ್ಕಕ್ಕೆ ಬರದ್ದು ಎಷ್ಟೇ ಮುದ್ದಾಗಿದ್ದರೂ ಬೇಡ. ಗಿಡಗಳಿಗೂ ಇದೇ ಮಾತು. ಪುಟ್ಟ ಮನೆಯ ಪಕ್ಕ ಕ್ರೋಟನ್ ನೆಟ್ಟರೆ ಅದರ ಒಂದೊಂದು ಎಲೆಯೂ ಛಾವಣಿಯಷ್ಟಾಗುತ್ತದೆ. ಕಿರು ಎಲೆಯ ಸೆಡಮ್ ಬಿಸಿಲಿಗೆ, ಒಂದೆಲಗ ಅರೆನೆರಳಿಗೆ ಸರಿ. ಎರಡೂ ಒಂದು ತುಂಡಿನಿಂದ ಹರಡುತ್ತವೆ, ಹಾಗಾಗಿ ಯಾರಾದರೂ ಒಂದು ಹಿಡಿ ಕೊಟ್ಟರೆ ಸಾಕು.

ಗೊಂಬೆ ತೆಗೆದ ಜಾಗಕ್ಕೆ ಒಂದು ದಾರಿ ಹಾಕಿ. ಈ ಬಗೆಯ ತೋಟದಲ್ಲಿ ಕಾಸಿಲ್ಲದೆ ಅತಿ ಹೆಚ್ಚು ಕೆಲಸ ಮಾಡುವುದು ದಾರಿಯೇ. ಬಾಯಲ್ಲಿ ಎರಡು ಅಡಿ ಅಗಲವಿದ್ದು, ಹಿಂದಕ್ಕೆ ಹೋಗುತ್ತಾ ಒಂದು ಅಡಿಗೆ ಇಳಿಯಲಿ. 12 ಅಡಿ ಇನ್ನೂ ಉದ್ದವಾಗಿ ಕಾಣುತ್ತದೆ. ನಡುವೆ ಒಂದೇ ಒಂದು ತಿರುವು, ಆ ತಿರುವಿನಲ್ಲಿ ಸೊಂಟದೆತ್ತರದ ಪೊದೆ. ಆಚೆಗೇನಿದೆ ಎಂಬುದು ನಿಂತಲ್ಲಿಂದ ಕಾಣಬಾರದು, ಕಥೆ ಅಲ್ಲೇ ಹುಟ್ಟುವುದು. ಅಂಚಿಗೆ ಒಡೆದ ಹೆಂಚನ್ನು ಅರ್ಧ ಹೂತು ನಿಲ್ಲಿಸಿ. ಮರದ ಬಿಲ್ಲೆಗಳ ದಾರಿ ಚಿತ್ರದಲ್ಲಿ ಚೆಂದ, ನೆಲದಲ್ಲಿ ಬೇಡ: ಒದ್ದೆಯಾದರೆ ಜಾರುತ್ತವೆ, ಮಣ್ಣು ಸೋಕಿ ಕೊಳೆಯುತ್ತವೆ.

ಪ್ರಶ್ನೆ: ಬಟ್ಟಲಿಗೆ ಸಿಮೆಂಟ್ ತುಂಬಿ ಅಣಬೆ ಮಾಡಿದೆ. ಎರಡೇ ದಿನಕ್ಕೆ ಟೊಪ್ಪಿ ಬಿರುಕು ಬಿಟ್ಟಿತು. ಬಿರುಕು ಬಿಡದವುಗಳ ಕೆಂಪು ಬಣ್ಣ ಒಂದೇ ಮಳೆಗೆ ಸಿಪ್ಪೆಯಂತೆ ಎದ್ದಿತು.

ಉತ್ತರ: ಎರಡೂ ಬೇರೆ ಬೇರೆ ತಪ್ಪುಗಳು. ಬಿರುಕಿಗೆ ಕಾರಣ ನೀರು: ಕಲಸುವಾಗ ಹೆಚ್ಚಾಗಿದೆ, ಆಮೇಲೆ ಕಡಿಮೆಯಾಗಿದೆ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಸೇರಿ. ಬಿಸಿಲಿಗಿಟ್ಟರೆ ಆ ಕೆಲಸ ಅರ್ಧಕ್ಕೇ ನಿಂತು, ಮೈ ಕುಗ್ಗಿ ಸೀಳುತ್ತದೆ.

ಒಂದು ಅಳತೆ ಸಿಮೆಂಟಿಗೆ ಮೂರು ಅಳತೆ ಜರಡಿ ಹಿಡಿದ ಮರಳು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಕೈಗವಸು ಬಿಡಬೇಡಿ, ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಎಂಟು ಇಂಚಿನ ಪ್ಲಾಸ್ಟಿಕ್ ಬಟ್ಟಲಿನ ಒಳಗೆ ತೆಳುವಾಗಿ ಎಣ್ಣೆ ಸವರಿ, ಮಿಶ್ರಣ ಒತ್ತಿ ತುಂಬಿ, ಗುಳ್ಳೆ ಹೊರಬರುವಂತೆ ಬಟ್ಟಲನ್ನು ನೆಲಕ್ಕೆ ಕುಟ್ಟಿ. ಎಣ್ಣೆ ಸವರಿದ ಬಾಟಲಿಯ ತಳವನ್ನು ನಟ್ಟನಡುವೆ ಒಂದು ಇಂಚು ಅದುಮಿ, ಸ್ವಲ್ಪ ಬಿಗಿದ ಮೇಲೆ ತಿರುಗಿಸಿ ತೆಗೆದರೆ ಕಾಂಡಕ್ಕೆ ಗುಳಿಯಾಗುತ್ತದೆ. ಕಾಂಡವನ್ನು ಅದಕ್ಕಿಂತ ಚೂರು ಸಣ್ಣ ಬಾಟಲಿಯಲ್ಲಿ ಬೇರೆಯಾಗಿ ಎರಕ ಹೊಯ್ಯಿರಿ. ಬಾಟಲಿಯನ್ನು ಕತ್ತರಿಸಿಯೇ ಬಿಡಿಸಬೇಕು.

ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಮುಟ್ಟಬೇಡಿ. ಅಚ್ಚಿನಿಂದ ಬಿಡಿಸಿ ಒದ್ದೆ ಬಟ್ಟೆ ಸುತ್ತಿ ಏಳು ದಿನ ನೆರಳಲ್ಲಿಡಿ, ಬಟ್ಟೆ ಒಣಗದಿರಲಿ. ಆಮೇಲೆ ಗುಳಿ, ಕಾಂಡ ಎರಡನ್ನೂ ನೆನೆಸಿ ಸಿಮೆಂಟ್ ಗಂಜಿಯಿಂದ ಕೂಡಿಸಿ. ಒಣ ಮೈಗೆ ಹಚ್ಚಿದರೆ ಗಂಜಿಯ ನೀರನ್ನು ಅದೇ ಹೀರಿಕೊಂಡು ಬೆಸುಗೆ ಬಿಡುತ್ತದೆ.

ಬಣ್ಣ ಎದ್ದದ್ದು ನಿಮ್ಮ ಅವಸರಕ್ಕೆ. ಹೊಸ ಸಿಮೆಂಟಿನಲ್ಲಿ ಕ್ಷಾರ ಹೆಚ್ಚು, ಒಳಗಿನ ತೇವ ಹೊರಬರುವಾಗ ಬಣ್ಣವನ್ನೂ ತಳ್ಳುತ್ತದೆ. 28 ದಿನ ಬಿಡಿ, ಮೇಲೆ ಬಂದ ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಹೊರಗೋಡೆಯ ಪ್ರೈಮರ್ ಒಂದು ಕೋಟ್, ಹೊರಗೋಡೆಯ ಅಕ್ರಿಲಿಕ್ ಬಣ್ಣ ಎರಡು ಕೋಟ್. ಟೊಪ್ಪಿಯ ಅಡಿಗೆ ಬಣ್ಣ ಹಚ್ಚಬೇಡಿ, ಉಳಿದ ತೇವಕ್ಕೆ ದಾರಿ ಬೇಕು.

ಪ್ರಶ್ನೆ: ಹಾವಸೆ ಬೆಳೆಯಲೆಂದು ಅದನ್ನು ಮಜ್ಜಿಗೆಯಲ್ಲಿ ರುಬ್ಬಿ ಕಲ್ಲಿಗೆ ಬಳಿದೆ. ಕಪ್ಪು ಬೂಷ್ಟು ಬಂದು ನಾರುತ್ತಿದೆ.

ಉತ್ತರ: ಎಲ್ಲರೂ ಹೇಳುವ ಉಪಾಯ, ಕೈಕೊಡುವುದೇ ಹೆಚ್ಚು. ಹಾವಸೆಗೆ ಹಾಲು ಮೊಸರು ಬೇಕಿಲ್ಲ, ಬೂಷ್ಟಿಗೆ ಅದು ಹಬ್ಬದೂಟ. ತೊಳೆದುಬಿಡಿ. ಹಾವಸೆಗೆ ನಿಜವಾದ ಬೇರಿಲ್ಲ, ಹೆಚ್ಚಿನ ನೀರನ್ನು ಎಲೆಯಿಂದಲೇ ಹೀರುತ್ತದೆ. ಆದ್ದರಿಂದ ಸಡಿಲ ಮಣ್ಣು ಬೇಡ. ನೆರಳಿನ ನೆಲವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ, ನೀರು ಚಿಮುಕಿಸಿ, ಹಳೆ ಗೋಡೆ ಅಥವಾ ಅಂಗಳದಿಂದ ಎಬ್ಬಿಸಿದ ಅಂಗೈಯಗಲದ ತುಂಡುಗಳನ್ನು ಒತ್ತಿ ಕೂರಿಸಿ. ಮೂರು ನಾಲ್ಕು ವಾರ ದಿನಕ್ಕೆ ಎರಡು ಸಲ ಸ್ಪ್ರೇ. ಮೆಲ್ಲಗೆ ಎಳೆದಾಗ ಏಳದಿದ್ದರೆ ಹಿಡಿದಿದೆ ಎಂದರ್ಥ. ದಿನವಿಡೀ ಬಿಸಿಲು ಬೀಳುವ ಜಾಗವಾದರೆ ಹಾವಸೆಯ ಆಸೆ ಬಿಡಿ.

ಪ್ರಶ್ನೆ: ಪ್ಲಾಸ್ಟಿಕ್ ಪೈಪ್ ಬಗ್ಗಿಸಿ ಬಳ್ಳಿಯ ಕಮಾನು ಮಾಡಿದೆ. ತಲೆ ಬಗ್ಗಿಸಿ ನುಸುಳಬೇಕು, ಗಾಳಿಗೆ ವಾಲುತ್ತದೆ.

ಉತ್ತರ: 10 ಅಡಿಯ ಒಂದೇ ಪೈಪನ್ನು ಮೂರು ಅಡಿ ಅಗಲಕ್ಕೆ ಬಗ್ಗಿಸಿದರೆ ಎತ್ತರ ಸಿಗುವುದು ಸುಮಾರು ನಾಲ್ಕು ಅಡಿ, ಮಕ್ಕಳಿಗಷ್ಟೇ. ನಾಲ್ಕು ಅಡಿ ಅಗಲ, ಏಳು ಅಡಿ ಎತ್ತರ ಬೇಕಾದರೆ 16ರಿಂದ 17 ಅಡಿ ಉದ್ದ ಬೇಕು. ಜೋಡಣೆಯನ್ನು ಕಮಾನಿನ ನೆತ್ತಿಯಲ್ಲಿ ಕೊಡಬೇಡಿ, ಅಲ್ಲಿ ಮುರಿದಂತೆ ಚೂಪಾಗುತ್ತದೆ. ನೇರವಾಗಿ ನಿಲ್ಲುವ ಕಾಲಿನಲ್ಲಿ ಕೊಡಿ. ಒಂದೇ ಕಮಾನು ವಾಲಿಯೇ ವಾಲುತ್ತದೆ. ಒಂದೂವರೆ ಅಡಿ ಅಂತರದಲ್ಲಿ ಎರಡು ನಿಲ್ಲಿಸಿ, ಅಡಿಗೊಂದರಂತೆ ಬಿದಿರು ಕಡ್ಡಿ ಅಡ್ಡ ಕಟ್ಟಿ. ಪ್ರತಿ ಕಾಲಿಗೂ ಮೂರು ಅಡಿಯ ಕಬ್ಬಿಣದ ಸರಳು: ಅರ್ಧ ನೆಲದೊಳಗೆ, ಅರ್ಧ ಪೈಪಿನೊಳಗೆ. ಬಿಸಿಲಿಗೆ ಪೈಪ್ ಪೆಡಸಾಗುವುದರಿಂದ ಒಂದು ಕೋಟ್ ಬಣ್ಣ ಹೊಡೆಯಿರಿ.

ಬೋಗನ್‌ವಿಲ್ಲಾದ ಭಾರ ಇದು ತಾಳದು. ಶಂಖಪುಷ್ಪ, ಕಾಮಲತೆ ಸಾಕು. ಬೀಜ ರಾತ್ರಿ ನೆನೆಸಿ ನೆಡಿ. ಕಾಮಲತೆ ತಾನೇ ಬೀಜ ಉದುರಿಸಿ ಮುಂದೆ ಎಲ್ಲೆಂದರಲ್ಲಿ ಏಳುತ್ತದೆ, ಎಳೆಯದರಲ್ಲೇ ಕೀಳಿ.

ಪ್ರಶ್ನೆ: ಪುಟ್ಟ ಬಾಗಿಲನ್ನು ಮರದ ಕಾಂಡಕ್ಕೆ ಮೊಳೆ ಹೊಡೆದು ಕೂರಿಸಬಹುದೇ?

ಉತ್ತರ: ಬೇಡ. ತೊಗಟೆಗೆ ಗಾಯವಾಗುತ್ತದೆ, ಕಾಂಡ ದಪ್ಪವಾದಂತೆ ಬಾಗಿಲೂ ಸೀಳುತ್ತದೆ. ಬಾಗಿಲ ಹಿಂದೆ ಗೂಟ ಬಡಿದು ಮರಕ್ಕೆ ಒರಗಿಸಿ. ತಳಕ್ಕೆ ಚಪ್ಪಟೆ ಕಲ್ಲಿಡಿ, ಇಲ್ಲದಿದ್ದರೆ ಹಲಗೆ ಮಣ್ಣಿನ ತೇವ ಹೀರಿ ಬುಡದಿಂದ ಕೊಳೆಯುತ್ತದೆ.

ಪ್ರಶ್ನೆ: ಸೋಲಾರ್ ದೀಪಗಳು ಮೊದಲು ರಾತ್ರಿಯಿಡೀ ಉರಿಯುತ್ತಿದ್ದವು. ಈಗ ಒಂದು ಗಂಟೆಗೇ ಆರುತ್ತವೆ. ಹೊಸದು ಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ಮೊದಲು ಫಲಕದ ದೂಳು ಒರೆಸಿ. ನೀವು ನೆಟ್ಟ ಗಿಡವೇ ಬೆಳೆದು ನೆರಳು ಮಾಡಿದೆಯೇ ನೋಡಿ. ಆಮೇಲೆ ಬ್ಯಾಟರಿ ಬದಲಿಸಿ. ಹೆಚ್ಚಿನವುಗಳಲ್ಲಿ ಇರುವುದು 1.2 ವೋಲ್ಟ್‌ನ ರೀಚಾರ್ಜ್ ಆಗುವ ಬ್ಯಾಟರಿ. ಹಳೆಯದರ ಮೇಲೆ ಬರೆದದ್ದನ್ನು ಓದಿ ಅದನ್ನೇ ತನ್ನಿ. ಟಾರ್ಚಿಗೆ ಹಾಕುವ ಸಾದಾ ಬ್ಯಾಟರಿ ಹಾಕಿದರೆ ಸೋರಿ ಒಳಭಾಗವೇ ಹಾಳಾಗುತ್ತದೆ. ತುಕ್ಕು ಹಿಡಿದ ಸ್ಪ್ರಿಂಗನ್ನು ಉಪ್ಪುಕಾಗದದಿಂದ ಉಜ್ಜಿ. ಕತ್ತಲಾದರೂ ಹೊತ್ತಿಕೊಳ್ಳದಿದ್ದರೆ ಬೀದಿ ದೀಪದ ಬೆಳಕು ಫಲಕಕ್ಕೆ ಬೀಳುತ್ತಿರಬಹುದು. ಎರಡು ಅಡಿ ಸರಿಸಿ ನೋಡಿ.