ಸ್ವಂತ ಮೈದಾನವಿಲ್ಲದ ಬೆಂಗಳೂರು ಎಫ್‌ಸಿಗೆ ಕಂಠೀರವ ತವರಾದದ್ದು ಹೇಗೆ?

ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ತಂಡ ಆಡುವುದು ಸರ್ಕಾರದ ಕಂಠೀರವ ಕ್ರೀಡಾಂಗಣದಲ್ಲಿ, ಅದೂ ಓಟದ ಟ್ರ್ಯಾಕಿನ ನಡುವೆ. ಹೀಗಿರುವಾಗ ಅದನ್ನು ತವರು ಮೈದಾನ ಎನ್ನುವುದು ಬರೀ ಹೆಸರಿಗಲ್ಲವೇ, ಕೊಡಗಿನಂಥ ದೂರದ ಊರಿನವರು ಅಲ್ಲಿಗೆ ಹೋಗಿ ನೋಡುವಂಥದ್ದೇನಿದೆ ಎಂದು ನೀವು ಕೇಳಿದ್ದೀರಿ. ನಾನು ಕೊಡಗಿನ ಸುಂಟಿಕೊಪ್ಪದ ಕಾಫಿ ಬೆಳೆಗಾರ. 2016ರಿಂದ ಆ ತಂಡದ ಪಂದ್ಯಗಳಿಗೆ ಬಿಡುವಾದಾಗಲೆಲ್ಲ ಹೋಗುತ್ತಾ ಬಂದಿದ್ದೇನೆ. ನನ್ನ ಮಟ್ಟಿಗೆ ಅದು ಹೆಸರಿಗಷ್ಟೇ ತವರಲ್ಲ.

ಕೊಡಗು ಎಂದರೆ ಹಾಕಿ ಎಂದು ಹೊರಗಿನವರು ತಿಳಿದಿರುವುದು ಸಹಜ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದ ಹಿರಿಮೆಯೇ ಅಂಥದ್ದು. ಆದರೆ ನಮ್ಮ ಸುಂಟಿಕೊಪ್ಪ ಫುಟ್‌ಬಾಲಿನ ಊರು. ಇಲ್ಲಿನ ಶಾಲಾ ಮೈದಾನದ ಗೋಲ್ಡ್ ಕಪ್ ಪಂದ್ಯಗಳನ್ನು ಗೆರೆಯ ಪಕ್ಕದಲ್ಲೇ ನಿಂತು ನೋಡಿ ಬೆಳೆದ ನನಗೆ, ಮೈದಾನವೆಂದರೆ ಯಾರ ಆಸ್ತಿ ಎಂಬ ಪ್ರಶ್ನೆ ಎಂದೂ ಹುಟ್ಟಿರಲಿಲ್ಲ. ಶಾಲೆಯ ಮೈದಾನ ಶಾಲೆಯದೇ. ಆದರೂ ಪಂದ್ಯದ ದಿನ ಅದು ಇಡೀ ಊರಿನದು.

ಬೆಂಗಳೂರು ಎಫ್‌ಸಿ 2013ರಲ್ಲಿ ಸ್ಥಾಪನೆಯಾದಾಗ ಅದರ ತವರು ಕಂಠೀರವವಾಗಿರಲಿಲ್ಲ. ಮೊದಲು ಆಡುತ್ತಿದ್ದದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಮೊದಲ ಋತುವಿನಲ್ಲೇ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ ಲೀಗ್ ಗೆದ್ದದ್ದೂ ಆ ತವರಿನಿಂದಲೇ. ಅಲ್ಲಿನ ಪಶ್ಚಿಮದ ಸ್ಟ್ಯಾಂಡಿನಲ್ಲಿ ಒಟ್ಟಾಗಿ ನಿಂತು ಹಾಡುತ್ತಿದ್ದ ಅಭಿಮಾನಿಗಳೇ ‘ವೆಸ್ಟ್ ಬ್ಲಾಕ್ ಬ್ಲೂಸ್’. ತಂಡ ಕಂಠೀರವಕ್ಕೆ ಬಂದಾಗ ಅವರೂ ಜೊತೆಗೇ ಬಂದರು, ಹಳೆಯ ಸ್ಟ್ಯಾಂಡಿನ ಹೆಸರೂ ಅವರೊಂದಿಗೆ ಬಂದಿತು. ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರ ಇದರಲ್ಲೇ ಇದೆ: ಈ ತಂಡದ ತವರು ಕಟ್ಟಡದೊಂದಿಗೆ ಅಂಟಿಕೊಂಡಿಲ್ಲ, ಆ ಜನರೊಂದಿಗೆ ನಡೆದು ಬಂದಿದೆ. ಕೋವಿಡ್ ಕಾಲದಲ್ಲಿ, ತಂಡ ನಂತರ ಸೇರಿದ ಇಂಡಿಯನ್ ಸೂಪರ್ ಲೀಗನ್ನು (ಐಎಸ್‌ಎಲ್) ಗೋವಾದಲ್ಲಿ ಖಾಲಿ ಸ್ಟ್ಯಾಂಡುಗಳ ಮುಂದೆ ನಡೆಸಿದಾಗ, ಆ ಎರಡು ಋತುಗಳಲ್ಲೂ ತಂಡ ಪ್ರಶಸ್ತಿ ನಿರ್ಧರಿಸುವ ಪ್ಲೇಆಫ್ ಹಂತ ತಲುಪಲಿಲ್ಲ. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೂ ಟಿವಿಯಲ್ಲಿ ನೋಡುತ್ತಿದ್ದ ನನಗೆ ಅದು ನಮ್ಮದೇ ತಂಡ ಎನಿಸುತ್ತಿರಲಿಲ್ಲ.

ನಾನು ಮೊದಲ ಬಾರಿ ಕಂಠೀರವಕ್ಕೆ ಹೋದದ್ದು 2016ರ ಅಕ್ಟೋಬರ್ 19ರಂದು, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲಿನ ಎರಡನೇ ಹಂತದ ಪಂದ್ಯಕ್ಕೆ. ಎದುರಾಳಿ ಮಲೇಷ್ಯಾದ ಜೋಹರ್ ದಾರುಲ್ ತಾಜಿಂ, ಹಿಂದಿನ ವರ್ಷದ ಚಾಂಪಿಯನ್. ಅವರ ನೆಲದಲ್ಲಿ ಮೊದಲ ಪಂದ್ಯ 1-1ರಲ್ಲಿ ಮುಗಿದಿತ್ತು. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಅವರು ಗೋಲು ಹೊಡೆದರು. ನಮ್ಮೂರಿನ ಮೈದಾನದಲ್ಲಾಗಿದ್ದರೆ ಒಂದು ಗಳಿಗೆ ಮೌನ ಆವರಿಸುತ್ತಿತ್ತು. ಅಲ್ಲಿ ಪಶ್ಚಿಮದ ಸ್ಟ್ಯಾಂಡಿನವರು ಹಾಡನ್ನು ನಿಲ್ಲಿಸಲೇ ಇಲ್ಲ. ವಿರಾಮಕ್ಕೆ ಮುನ್ನ ನಮ್ಮ ನಾಯಕ ಸುನಿಲ್ ಛೇತ್ರಿ ಸಮ ಮಾಡಿದರು, ದ್ವಿತೀಯಾರ್ಧದಲ್ಲಿ ಮತ್ತೊಂದು ಹೊಡೆದರು, ಮೂರನೆಯದನ್ನು ಡಿಫೆಂಡರ್ ಹುವಾನನ್ ಸೇರಿಸಿದರು. ಹೀಗೆ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ರೂಪುಗೊಂಡದ್ದನ್ನು ನಾನು ಕಣ್ಣಾರೆ ಕಂಡೆ. ದೋಹಾದ ಫೈನಲಿನಲ್ಲಿ ಇರಾಕಿನ ತಂಡದೆದುರು 1-0ಯಿಂದ ಸೋತದ್ದು ನಿಜ, ಆದರೆ ಆ ರಾತ್ರಿಯ ಸಂತೋಷ ಅದರಿಂದ ಕಡಿಮೆಯಾಗಲಿಲ್ಲ.

ಗೆಲುವಿಗಿಂತ ಹೆಚ್ಚಾಗಿ ನನ್ನನ್ನು ಆ ಮೈದಾನಕ್ಕೆ ಕಟ್ಟಿಹಾಕಿದ್ದು ಒಂದು ಸೋಲು. 2018ರ ಮಾರ್ಚ್ 17ರ ಐಎಸ್‌ಎಲ್ ಫೈನಲ್ ಕಂಠೀರವದಲ್ಲೇ ನಡೆಯಿತು. ಕೊಯ್ಲು ಮುಗಿದು ನಾವೆಲ್ಲ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗಾಗಿ ಆಕಾಶ ನೋಡುತ್ತಿದ್ದ ದಿನಗಳವು. ತೋಟವನ್ನು ತಮ್ಮನಿಗೆ ಒಪ್ಪಿಸಿ ಹೊರಟೆ. ಒಂಬತ್ತನೇ ನಿಮಿಷದಲ್ಲಿ ಛೇತ್ರಿ ಹೆಡರ್ ಮೂಲಕ ಗೋಲು ಹೊಡೆದಾಗ ಕಪ್ ನಮ್ಮದೇ ಎಂದುಕೊಂಡೆವು. ಆದರೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಕಾರ್ನರ್ ಕಿಕ್‌ಗಳಿಂದ ಎರಡು ಬಾರಿ ಚೆಂಡನ್ನು ತಲೆಯಿಂದಲೇ ಒಳಗೆ ಕಳಿಸಿದರು, ಕೊನೆಗೆ ನಾವು 3-2ರಿಂದ ಸೋತೆವು. ನನ್ನ ಪಕ್ಕದಲ್ಲಿದ್ದ ನಡುವಯಸ್ಸಿನವರೊಬ್ಬರು ಅಳುತ್ತಲೇ ಹಾಡುತ್ತಿದ್ದರು. ಆಟಗಾರರು ಸ್ಟ್ಯಾಂಡಿನ ಮುಂದೆ ಬಂದು ನಿಲ್ಲುವವರೆಗೂ ನಮ್ಮ ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ. ಮರುವರ್ಷ ಮುಂಬೈಯಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ಗೋಲು ಹೊಡೆದು ಗೋವಾ ವಿರುದ್ಧ ಕಪ್ ಗೆದ್ದುಕೊಟ್ಟಾಗ ನನಗೆ ಮೊದಲು ನೆನಪಾದದ್ದು ಆ ಅಪರಿಚಿತರ ಮುಖ.

ಟ್ರ್ಯಾಕಿನ ವಿಷಯದಲ್ಲಿ ನಿಮ್ಮ ಆಕ್ಷೇಪ ಸರಿಯಾಗಿದೆ. ಎಂಟು ಲೇನುಗಳ ಟ್ರ್ಯಾಕ್ ನಡುವೆ ಇರುವುದರಿಂದ ಪ್ರೇಕ್ಷಕರು ಆಟದಿಂದ ದೂರವಾಗುತ್ತಾರೆ, ಆಚೆ ಬದಿಯ ಗೋಲ್‌ಪೆಟ್ಟಿಗೆಯ ಮುಂದಿನ ಗುದ್ದಾಟ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಟ್ರ್ಯಾಕ್ ಅಥ್ಲೀಟ್‌ಗಳಿಗೆ ದಿನನಿತ್ಯದ ಅಭ್ಯಾಸಕ್ಕೆ ಬೇಕು. ಕ್ರೀಡಾಂಗಣವನ್ನು ಫುಟ್‌ಬಾಲಿಗೆ ಬಿಟ್ಟುಕೊಡುವುದರ ಬಗ್ಗೆ ಅವರ ಕಡೆಯಿಂದ ಬಂದ ವಿರೋಧ ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. ಅಶ್ವಿನಿ ನಾಚಪ್ಪ ಅವರಂಥ ಓಟಗಾರ್ತಿಯನ್ನು ಕೊಟ್ಟ ಜಿಲ್ಲೆಯವನಾದ ನಾನು ಅದನ್ನು ತಳ್ಳಿಹಾಕಲಾರೆ. ಫುಟ್‌ಬಾಲಿಗೇ ಮೀಸಲಾದ ಒಳ್ಳೆಯ ಕ್ರೀಡಾಂಗಣವೊಂದು ಬೆಂಗಳೂರಿಗೆ ಖಂಡಿತ ಬೇಕು, ಅದು ಇಬ್ಬರಿಗೂ ನ್ಯಾಯ.

ನಮ್ಮೂರಿನಲ್ಲಿ ಎಲ್ಲರೂ ಬೆಂಗಳೂರು ತಂಡದ ನೀಲಿ ಪಾಳಯದವರು ಎಂದುಕೊಳ್ಳಬೇಡಿ. ಕೇರಳದ ಗಡಿ ಹತ್ತಿರವಿರುವುದರಿಂದ ಕೇರಳ ಬ್ಲಾಸ್ಟರ್ಸ್ ತಂಡದ ಹಳದಿ ಅಂಗಿಗಳೂ ಇಲ್ಲಿ ಸಾಕಷ್ಟಿವೆ. 2023ರ ಮಾರ್ಚ್ 3ರಂದು ಕಂಠೀರವದ ಪ್ಲೇಆಫ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಛೇತ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದ್ದು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದದ್ದು ನಿಮಗೂ ಗೊತ್ತಿರಬಹುದು. ಆ ಗೋಲು ನಿಯಮಬದ್ಧ ಎಂದು ನಾನೂ, ಅನ್ಯಾಯ ಎಂದು ನನ್ನ ಬಾಲ್ಯದ ಗೆಳೆಯನೂ ಇಂದಿಗೂ ವಾದಿಸುತ್ತೇವೆ, ಮುಂದಿನ ಪಂದ್ಯಕ್ಕೆ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ.

ನೀವೂ ಹೊರಡುವುದಾದರೆ, ಮಡಿಕೇರಿ ಕಡೆಯಿಂದ ಬರುವ ಬಸ್ಸನ್ನು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು, ಹತ್ತಿರದ ದೀಪಾಂಜಲಿನಗರದಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ನಡೆದೇ ಹೋಗಬಹುದು. ಜನವರಿ, ಫೆಬ್ರುವರಿಯಲ್ಲಿ ರೋಬಸ್ಟಾ ಕೊಯ್ಲು ಇರುವುದರಿಂದ ನನಗೆ ಬರಲಾಗುವುದಿಲ್ಲ. ಟಿಕೆಟ್ ಮಾತ್ರ ಪಶ್ಚಿಮದ ಸ್ಟ್ಯಾಂಡಿನದನ್ನೇ ತೆಗೆದುಕೊಳ್ಳಿ, ಮತ್ತು ಇಡೀ ಪಂದ್ಯ ನಿಂತೇ ನೋಡಬೇಕಾಗುತ್ತದೆ ಎಂಬುದಕ್ಕೆ ಸಿದ್ಧರಾಗಿರಿ.