ಅಪ್ಪನ ಗ್ಲಾಕೋಮಾ ತಪಾಸಣೆ ಆಸ್ಪತ್ರೆಯಿಂದ ಕನ್ನಡಕದಂಗಡಿಗೆ
ಅಪ್ಪನ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ತಪಾಸಣೆಯನ್ನು ಆಸ್ಪತ್ರೆ ಬಿಟ್ಟು ಕನ್ನಡಕದಂಗಡಿಗೆ ಯಾಕೆ ಹಾಕಿದರು ಅಂತ ಕೇಳಿದ್ದೀರಿ. ಕಣ್ಣಿನೊಳಗಿನ ಒತ್ತಡ ಹತೋಟಿಯಲ್ಲಿ ಇರುವುದರಿಂದಲೇ ಕಾರ್ಡಿಫ್ ಆಸ್ಪತ್ರೆಯವರು ನಿಮ್ಮ ತಂದೆಯನ್ನು ಹತ್ತಿರದ ಕನ್ನಡಕದಂಗಡಿಯ ಆಪ್ಟೋಮೆಟ್ರಿಸ್ಟ್‌ಗೆ (ಕಣ್ಣು ಪರೀಕ್ಷಿಸುವ ತಜ್ಞರಿಗೆ) ಕಳಿಸಿರಬೇಕು. ಪತ್ರ ನೋಡದೆ ಖಚಿತವಾಗಿ ಹೇಳಲಾರೆ. ಕೈಬಿಟ್ಟರು ಅಂತ ಅಂದುಕೊಳ್ಳಬೇಡಿ. ವೇಲ್ಸ್‌ನಲ್ಲಿ ಇದೂ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವ್ಯವಸ್ಥೆಯೇ.

ಮೊದಲು ಅಂಗಡಿಗೆ ಫೋನ್ ಮಾಡಿ. ‘ಡಬ್ಲ್ಯೂಜಿಒಎಸ್ 4’ (ಇಂಥ ತಪಾಸಣೆಗಿರುವ ವೇಲ್ಸ್‌ನ ಎನ್‌ಎಚ್‌ಎಸ್ ಕಣ್ಣಿನ ಸೇವೆ) ಮಾಡುತ್ತೀರಾ, ಆಸ್ಪತ್ರೆಯ ಕಾಗದಪತ್ರ ಬಂದಿದೆಯಾ, ಮುಂದಿನ ದಿನಾಂಕ ಯಾರು ಕೊಡುತ್ತಾರೆ ಅಂತ ಕೇಳಿ. ಗೋಜಲು ಜಾಸ್ತಿ ಆಗುವುದು ಇಲ್ಲೇ. ಆಮೇಲೆ ಆ ಪತ್ರ, ಡ್ರಾಪ್ಸ್ ಬಾಟಲಿ, ಈಗಿನ ಕನ್ನಡಕ ಹಿಡಿದು ಹೋಗಿ. ಅವತ್ತೂ ಡ್ರಾಪ್ಸ್ ತಪ್ಪಿಸಬೇಡಿ. ಪಾಪೆ ಹಿಗ್ಗಿಸಿದರೆ ಕಣ್ಣು ಮಂಜಾಗುತ್ತದೆ, ಕಾರು ನೀವೇ ಓಡಿಸಿ. ಒತ್ತಡ, ಕಣ್ಣಿನ ನರದ ಪರೀಕ್ಷೆ, ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತುವ ಫೀಲ್ಡ್ ಟೆಸ್ಟ್, ಮೂರರ ಫಲಿತಾಂಶವನ್ನೂ ಕೇಳಿ ಬರೆದುಕೊಳ್ಳಿ.

ದಿಢೀರನೆ ಕಣ್ಣುನೋವು ಬಂದರೆ, ದೃಷ್ಟಿ ಮಸುಕಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ತೋರಿಸಿ.